ಸಹಾಯ ಬೇಕು: ಅಕ್ಕನ ಸಂಶೋಧನಾ ಲೇಖನಗಳ ಪಟ್ಟಿ ಸರಿ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ಮೈಸೂರಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಹೃದ್ರೋಗ ವಾರ್ಡ್‌ನಲ್ಲಿ ಕೆಲಸ. ಪಿಎಚ್‌ಡಿ ಅರ್ಜಿಗೆ ಅವಳ ಲೇಖನಗಳ ಪೂರ್ತಿ ಪಟ್ಟಿ ಬೇಕು.

ತೊಂದರೆ ಹೆಸರಿನದು. ನಮ್ಮಲ್ಲಿ ಸರ್‌ನೇಮ್ ಇಲ್ಲ, ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಅಷ್ಟೇ. ಒಂದು ಪತ್ರಿಕೆ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿದೆ, ಇನ್ನೊಂದು ಅಕ್ಕನ ಹೆಸರನ್ನು. ಹೀಗಾಗಿ ಸ್ಕೋಪಸ್‌ನಲ್ಲಿ (ಸಂಶೋಧನಾ ಲೇಖನಗಳ ಡೇಟಾಬೇಸ್) ಅವಳಿಗೆ ಎರಡು ಪ್ರೊಫೈಲ್. ಗೂಗಲ್ ಸ್ಕಾಲರ್‌ನಲ್ಲಿ ಬೇರೆ ಯಾರದೋ ಲೇಖನಗಳೂ ಬಂದು ಸೇರಿವೆ.

ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ) ಹೃದಯದ ಲೇಖನಗಳು ಸಿಗುತ್ತವೆ, ಫಾರ್ಮಸಿ ಪ್ರಾಕ್ಟೀಸ್‌ನವು (ರೋಗಿಗಳ ಔಷಧ ಬಳಕೆ ಬಗ್ಗೆ ಬರೆದವು) ಸಿಗುತ್ತಿಲ್ಲ. ಎಲ್ಲ ಪತ್ರಿಕೆಗಳೂ ಅಲ್ಲಿ ಸೇರಿರುವುದಿಲ್ಲವಲ್ಲ. ನನಗಂತೂ ಆ ಫಾರ್ಮಸಿ ಲೇಖನಗಳೇ ಜಾಸ್ತಿ ಮುಖ್ಯ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಅಳತೆ) ಯಾಕೆ ಏರುಪೇರಾಗುತ್ತದೆ ಅಂತ ಒಂದು ಲೇಖನ ಇದೆ. ಒಂದು ವಾರ ದಿನಾ ಬಸ್ಸಾರು, ಪಲ್ಯ ಅಂತ ಸೊಪ್ಪು ತಿಂದು, ಮುಂದಿನ ವಾರ ಪೂರ್ತಿ ಬಿಟ್ಟರೆ ಸೊಪ್ಪಿನಲ್ಲಿರುವ, ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಹೆಚ್ಚುಕಡಿಮೆಯಾಗಿ ಐಎನ್‌ಆರ್ ಹದ ತಪ್ಪುತ್ತದೆ. ರೋಗಿಗಳ ಪಕ್ಕ ಕೂತು, ಏನು ಊಟ ಮಾಡಿದಿರಿ ಅಂತ ಕೇಳಿ ಬರೆದದ್ದು ಅದು. ಅಂಥ ಕೆಲಸ ಸುಮ್ನೆ ಬಿಟ್ಟುಹೋಗಬಾರದು ಅಲ್ವಾ?

16 ಅಂಕಿಯ ಆರ್ಕಿಡ್ ಐಡಿ (ORCID, ಸಂಶೋಧಕರ ಗುರುತಿನ ಸಂಖ್ಯೆ) ಮಾಡಿಸಿದ್ದೇವೆ. ಡಿಒಐ (ಪ್ರತಿ ಲೇಖನಕ್ಕೂ ಕೊಡುವ ಡಿಜಿಟಲ್ ಗುರುತು) ಇರುವ ಲೇಖನಗಳು ಸುಲಭವಾಗಿ ಸೇರಿದವು. ಡಿಒಐ ಇಲ್ಲದ ಹಳೆಯವನ್ನು ಕೈಯಾರೆ ಸೇರಿಸಿದರೆ ವಿಶ್ವವಿದ್ಯಾಲಯದವರು ಒಪ್ಪುತ್ತಾರಾ? ಸ್ಕೋಪಸ್‌ನ ಎರಡು ಪ್ರೊಫೈಲ್ ಒಂದು ಮಾಡಿಸಿದವರು ಯಾರಾದರೂ ಇದ್ದೀರಾ? ಸಮ್ಮೇಳನದ ಸಾರಾಂಶಗಳನ್ನು ಬೇರೆ ಪಟ್ಟಿ ಮಾಡಬೇಕಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ, ಅರ್ಜಿಗೆ ಇದೇ ತಿಂಗಳು ಕೊನೆ.