ಗಾಡಿ ಮೈಲೇಜ್: ಮೀಟರ್ 15.8 ಅಂತೈತಿ, ನನ್ನ ಲೆಕ್ಕ 14. ಯಾವುದು ನಂಬೂದು?

ನಮಸ್ಕಾರ್ರೀ, ವಿಜಯಪುರದಿಂದ. ನಂದು ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಎಸ್‌ಯುವಿ. ದಿನಾ ತಿಕೋಟಾ ಕಡೆ ದ್ರಾಕ್ಷಿ ತ್ವಾಟಕ್ಕ, ವಾರಕ್ಕೊಮ್ಮೆ ಕೊಲ್ಹಾರ ಬ್ರಿಜ್ ದಾಟಿ ಬಾಗಲಕೋಟೆಗೆ. ಟ್ಯಾಂಕ್ ಫುಲ್ ಮಾಡಿಸಿ 612 ಕಿ.ಮೀ. ಓಡಿಸಿದೆ, ಮತ್ತ ಫುಲ್ ಮಾಡಿಸಿದಾಗ 43.7 ಲೀಟರ್ ಹಿಡೀತು. ಅಂದ್ರ ಲೀಟರಿಗೆ 14 ಕಿ.ಮೀ. ಡ್ಯಾಶ್‌ಬೋರ್ಡ್ ಮಾತ್ರ 15.8 ತೋರಸ್ತೈತಿ. ಪಂಪಿನ್ಯಾಗ ಮೋಸ ಆತೋ, ಗಾಡಿನ ಸುಳ್ಳ ಹೇಳತೈತೋ? ನಮ್ಮಪ್ಪ ಅಂತೂ "ಎಮ್ಮಿ ಹಾಲು ಅಳದಂಗ ಅಳೀತಾನ" ಅಂತ ನಗತಾರ.

ಉತ್ತರ 1:
ಒಂದ ಟ್ಯಾಂಕಿಗೆ ಪಂಪಿನವರ ಮ್ಯಾಲ ಅನುಮಾನ ಬ್ಯಾಡ್ರಿ. ಡ್ಯಾಶ್‌ಬೋರ್ಡ್ ಇಂಜೆಕ್ಟರ್ (ಇಂಜಿನ್ನಿಗೆ ಡೀಸೆಲ್ ಚಿಮ್ಮಸೂ ಭಾಗ) ಲೆಕ್ಕದ ಮ್ಯಾಲ ಅಂದಾಜು ಹೇಳತೈತಿ, ಸ್ವಲ್ಪ ಹೆಚ್ಚಿಗಿ ಹೇಳೂದ ಅದರ ಚಾಳಿ. ಡೀಸೆಲ್ ಬುರುಗು ಏಳತೈತಲ್ಲ, ಅದಕ್ಕ ಅದ ಪಂಪು, ಅದ ನಾಝಲ್, ನಾಝಲ್ ತಾನ ಮೊದಲ ಸಲ ಬಂದ್ ಆದಾಗ (ಕಟ್‌ಆಫ್) ನಿಲ್ಲಸ್ರಿ. ಐದಾರು ಟ್ಯಾಂಕ್ ಬರದಿಟ್ಟು, ಒಟ್ಟು ಕಿ.ಮೀ.ನ ಒಟ್ಟು ಲೀಟರಿನಿಂದ ಭಾಗಸ್ರಿ. ಒಂದೊಂದ ಟ್ಯಾಂಕಿನ ಸರಾಸರಿ ಕೂಡಿಸಿ ಸರಾಸರಿ ತಗದ್ರ ತಪ್ಪಾಕ್ಕೈತಿ.

ಉತ್ತರ 2 (ಮುಧೋಳ):
ಅಣ್ಣಾರ, ಟಾಯರ್ ಬದಲಿ ಮಾಡೀರೇನು? ದೊಡ್ಡ ಟಾಯರ್ ಇದ್ರ ಓಡೋಮೀಟರ್ ಕಿ.ಮೀ. ಕಡಿಮಿ ತೋರಸ್ತೈತಿ, ಹಂಗಾಗಿ ಲೆಕ್ಕದಾಗ ಮೈಲೇಜೂ ಕಡಿಮಿ ಬರತೈತಿ. ನಾ ಅದರಾಗ ಎರಡು ತಿಂಗಳ ತಲಿ ಕೆಡಿಸ್ಕೊಂಡಿದ್ದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದ ಎರಡನೇ ಗೇರಿನ್ಯಾಗ ಹೋಗೂ ಸೀಜನ್ನಿನ್ಯಾಗಂತೂ ಮೈಲೇಜ್ ಮಾತ ಎತ್ತಬ್ಯಾಡ್ರಿ.

ಪ್ರಶ್ನೆ ಕೇಳಿದವರು:
ಟಾಯರ್ ಕಂಪನಿದ ಅದಾವ್ರಿ. ಆದ್ರ ತ್ವಾಟದಾಗ ನಿಂತಾಗ ಒಮ್ಮೊಮ್ಮೆ ಆರ್‌ಪಿಎಂ (ಇಂಜಿನ್ ತಿರುಗೂ ವೇಗ) ತಾನ ಏರತೈತಿ, ಸುಟ್ಟ ವಾಸನಿ ಬರತೈತಿ.

ಉತ್ತರ 1:
ಡಿಪಿಎಫ್ (ಹೊಗೆ ಕೊಳವಿಯಾಗಿನ ಮಸಿ ಹಿಡಿಯೂ ಫಿಲ್ಟರ್) ತನ್ನಾಗಿನ ಮಸಿ ಸುಡಾಕತ್ತಿರಬೇಕು. ಅದಕ್ಕ ಡೀಸೆಲ್ ಹೆಚ್ಚಿಗಿ ಹೋಗತೈತಿ. ನಡುವ ಆಫ್ ಮಾಡಬ್ಯಾಡ್ರಿ, ಬಾಗಲಕೋಟೆ ರೋಡಿಗೆ ಹಚ್ಚಿ ಒಂದ ಇಪ್ಪತ್ತು ನಿಮಿಷ ಒಂದ ಸ್ಪೀಡಿನ್ಯಾಗ ಓಡಸ್ರಿ.