ಪ್ರತಿ ಸೋಮವಾರ ಬ್ಯಾಟರಿ ಖಾಲಿ. ಸರ್ವಿಸ್ ಸೆಂಟರ್ ವಾರಂಟಿಗೆ ಒಪ್ಪುತ್ತಿಲ್ಲ, ದಯವಿಟ್ಟು ದಾರಿ ತಿಳಿಸಿ

ಹರಿಹರ ದಾರಿ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನನ್ನ ಕಾರು ಕೊಂಡು 19 ತಿಂಗಳಾಗಿದೆ, ಓಡಿರುವುದು 16,800 ಕಿಲೋಮೀಟರ್. ಎರಡು ತಿಂಗಳಿಂದ ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಎತ್ತುವುದಿಲ್ಲ, ಟಕ್ ಟಕ್ ಎಂಬ ಸದ್ದು ಮಾತ್ರ ಬರುತ್ತದೆ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿಸಿಕೊಂಡು ಹೊರಡುವಷ್ಟರಲ್ಲಿ ಕೆಲಸಕ್ಕೆ ಅರ್ಧ ಗಂಟೆ ತಡವಾಗಿರುತ್ತದೆ. ಸರ್ವಿಸ್ ಸೆಂಟರಿಗೆ ಮೂರು ಸಲ ಹೋಗಿ ಬಂದೆ. ಮೊದಲ ಸಲ ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟರು. ಎರಡನೆಯ ಸಲ ನಾನು ಗಾಡಿ ಓಡಿಸುವುದು ಕಡಿಮೆ ಎಂದರು. ಮೂರನೆಯ ಸಲ ವಾರಂಟಿಯಲ್ಲಿ ಏನೂ ಮಾಡಲಾಗುವುದಿಲ್ಲ ಎಂದು ಬಾಯಿಮಾತಿನಲ್ಲೇ ಹೇಳಿ ಕಳುಹಿಸಿದರು. ಎರಡು ವರ್ಷ ಅಥವಾ 40,000 ಕಿಲೋಮೀಟರ್ ವಾರಂಟಿ ಇರುವ ಗಾಡಿಗೆ ಹೀಗೆ ಹೇಳಲು ಅವರಿಗೆ ಅಧಿಕಾರವಿದೆಯೇ? ಯಾರಿಗೆ ದೂರು ಕೊಡಬೇಕು?

ಆರ್ಮೇಚರ್ (ಸೋಮವಾರ, ರಾತ್ರಿ 10:05)

ಇದು ಆಲ್ಟರ್ನೇಟರಿನ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಡಯೋಡ್ ಸೋರಿಕೆ. ಡಯೋಡ್ ಎಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನಾನು ಇಂತಹ ಗಾಡಿಗಳನ್ನು ಬಹಳ ನೋಡಿದ್ದೇನೆ. ಡಯೋಡ್ ಕೆಟ್ಟರೆ ಗಾಡಿ ನಿಂತಿರುವಾಗ ಬ್ಯಾಟರಿಯ ಕರೆಂಟು ಆಲ್ಟರ್ನೇಟರಿನ ಮೂಲಕ ಹಿಂದಕ್ಕೆ ಹರಿದುಹೋಗುತ್ತದೆ. ಆ ಡಯೋಡುಗಳಿರುವ ರೆಕ್ಟಿಫೈಯರ್ ಬದಲಾಯಿಸಲು ಹೇಳಿ.

ಹಳೇ ಮೀಟರು (ಸೋಮವಾರ, ರಾತ್ರಿ 10:30)

ಆರ್ಮೇಚರ್ ಅವರು ಹೇಳಿದ ಕಾರಣ ಇರಬಹುದು, ಆದರೆ ಅಳೆಯದೆ ಯಾವ ಭಾಗವನ್ನೂ ಬದಲಾಯಿಸುವುದು ಬೇಡ. ಹರಿಹರ ದಾರಿ ಅವರೇ, ನಾಲ್ಕು ಮಾಹಿತಿ ಬೇಕು. ಗಾಡಿ ಪೆಟ್ರೋಲೋ ಡೀಸೆಲ್ಲೋ, ಬ್ಯಾಟರಿ ಎಷ್ಟು ಎಎಚ್ (ಆಂಪಿಯರ್-ಅವರ್, ಅಂದರೆ ಅದರ ಸಾಮರ್ಥ್ಯ), ದಿನಕ್ಕೆ ಎಷ್ಟು ದೂರ ಓಡುತ್ತದೆ, ಷೋರೂಮಿನಿಂದ ಬಂದ ಮೇಲೆ ಹೊರಗೆ ಏನೇನು ಹಾಕಿಸಿದ್ದೀರಿ? ಕೊನೆಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಿ, ಏಕೆಂದರೆ ವಾರಂಟಿ ನಿರಾಕರಿಸಿದ ಕಾರಣ ಅಲ್ಲಿಯೇ ಇರಬೇಕೆಂದು ನನಗೆ ತೋರುತ್ತಿದೆ.

ಹರಿಹರ ದಾರಿ (ಮಂಗಳವಾರ, ಬೆಳಿಗ್ಗೆ 7:15)

ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಎಎಚ್ ಬ್ಯಾಟರಿ. ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬರುತ್ತೇನೆ, ಒಂದು ಕಡೆಗೆ ಸುಮಾರು 14 ಕಿಲೋಮೀಟರ್. ಶನಿವಾರ ಸಂಜೆ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆಯೇ ತೆಗೆಯುವುದು. ವಿವಾದ ಮುಗಿಯುವವರೆಗೆ ಕಂಪನಿಯ ಹೆಸರು ಬರೆಯುವುದಿಲ್ಲ, ಕ್ಷಮಿಸಿ.

ಹನ್ನೊಂದನೆಯ ತಿಂಗಳಿನಲ್ಲಿ ಹೊರಗಿನ ಅಂಗಡಿಯಲ್ಲಿ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ ಮತ್ತು ಹಿಂಬದಿಯ ಕ್ಯಾಮೆರಾ ಹಾಕಿಸಿದ್ದೇನೆ. ಎಲ್ಲರೂ ಹಾಕಿಸುವುದೇ ಆದ್ದರಿಂದ ಬರೆದಿರಲಿಲ್ಲ. ಸರ್ವಿಸ್ ಸೆಂಟರಿನವರು ಆ ಸ್ಟೀರಿಯೊ ಕಂಡ ಕ್ಷಣದಿಂದ 'ವೈರಿಂಗ್ ಮುಟ್ಟಿದ್ದೀರಿ, ಇಡೀ ಗಾಡಿಯ ಎಲೆಕ್ಟ್ರಿಕಲ್ ವಾರಂಟಿ ಹೋಯಿತು' ಎನ್ನುತ್ತಿದ್ದಾರೆ. ಎಂಟು ತಿಂಗಳು ಸರಿಯಾಗಿದ್ದ ಸ್ಟೀರಿಯೊ ಈಗ ಹೇಗೆ ಕಾರಣವಾಗುತ್ತದೆ?

ಶಿರಾಡಿ ಘಾಟ್ (ಮಂಗಳವಾರ, ಬೆಳಿಗ್ಗೆ 8:50)

ಕೆಲಸ ಮಾಡಿಸುವ ರೀತಿಯಲ್ಲಿ ಮಾಡಿಸಿದರೆ ಯಾವ ತೊಂದರೆಯೂ ಬರುವುದಿಲ್ಲ ಸರ್. ನನ್ನ ಗಾಡಿಯಲ್ಲಿ 100/90 ವಾಟ್ ಹೆಡ್‌ಲೈಟ್ ಬಲ್ಬುಗಳಿವೆ, ಅದಕ್ಕೆ ಪ್ರತ್ಯೇಕ ರಿಲೇ ಮತ್ತು ದಪ್ಪ ವೈರು ಎಳೆಸಿದ್ದೇನೆ. ಡಿಕ್ಕಿಯಲ್ಲಿ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಇದೆ. ಬ್ಯಾಟರಿ 45 ಎಎಚ್. ಮೂರು ವರ್ಷಗಳಿಂದ ಸಕಲೇಶಪುರದ ಮಳೆಯಲ್ಲಿಯೂ ಸಮಸ್ಯೆ ಬಂದಿಲ್ಲ. ದೊಡ್ಡ ಬ್ಯಾಟರಿ ಹಾಕಿಸಿ, ಅಷ್ಟೇ.

ಹಳೇ ಮೀಟರು (ಮಂಗಳವಾರ, ಬೆಳಿಗ್ಗೆ 9:20)

ದೊಡ್ಡ ಬ್ಯಾಟರಿ ಹಾಕಿದರೆ ಸೋಮವಾರದ ಬದಲು ಮಂಗಳವಾರ ಖಾಲಿಯಾಗುತ್ತದೆ. ಸೋರಿಕೆ ಎಲ್ಲಿದೆಯೋ ಅಲ್ಲಿಯೇ ಹಿಡಿಯಬೇಕು.

ಹರಿಹರ ದಾರಿ ಅವರೇ, 10 ಆಂಪಿಯರ್ ಅಳೆಯಬಲ್ಲ ಮಲ್ಟಿಮೀಟರ್ ಹೊಂದಿಸಿಕೊಳ್ಳಿ. ಬಾನೆಟ್ ತೆರೆದಿಟ್ಟು, ಡಿಕ್ಕಿ ಮುಚ್ಚಿ, ಚಾಲಕನ ಬಾಗಿಲನ್ನು ತೆರೆದಿಟ್ಟುಕೊಂಡೇ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಆಗ ಬಾಗಿಲು ಮುಚ್ಚಿದೆ ಎಂದು ಗಾಡಿ ತಿಳಿಯುತ್ತದೆ, ಫ್ಯೂಸ್ ಪೆಟ್ಟಿಗೆ ಮಾತ್ರ ನಿಮ್ಮ ಕೈಗೆ ಸಿಗುತ್ತದೆ. ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಕ್ಲ್ಯಾಂಪಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಮೀಟರನ್ನು ಸೇರಿಸಿ. ಮೀಟರ್ ಜೋಡಿಸಿರುವಾಗ ಕೀ ತಿರುಗಿಸಲೇಬೇಡಿ, ಅದರ ಫ್ಯೂಸ್ ಸುಟ್ಟುಹೋಗುತ್ತದೆ. ರಿಮೋಟ್ ಕೀಯನ್ನು ಮನೆಯೊಳಗಿಟ್ಟು 40 ನಿಮಿಷ ಕಾಯಿರಿ. ಗಾಡಿಯ ಕಂಪ್ಯೂಟರುಗಳು ನಿದ್ರೆಗೆ ಹೋದ ಮೇಲೆ ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಫ್ಯೂಸುಗಳನ್ನು ಕೀಳುವ ಮೊದಲು ಪ್ರತಿ ಫ್ಯೂಸಿನ ತಲೆಯ ಮೇಲಿನ ಎರಡು ಬಿಂದುಗಳ ನಡುವೆ ಮಿಲಿವೋಲ್ಟ್ ನೋಡಿ. ಕರೆಂಟು ಹರಿಯದ ಫ್ಯೂಸಿನಲ್ಲಿ ಸೊನ್ನೆ ಇರುತ್ತದೆ, ಹರಿಯುತ್ತಿರುವುದರಲ್ಲಿ ಒಂದೆರಡು ಮಿಲಿವೋಲ್ಟಾದರೂ ಕಾಣುತ್ತದೆ. ಮೊದಲೇ ಕಿತ್ತರೆ ಮಲಗಿದ್ದ ಕಂಪ್ಯೂಟರುಗಳು ಎದ್ದು ಲೆಕ್ಕ ಕೆಡುತ್ತದೆ.

ಆರ್ಮೇಚರ್ (ಮಂಗಳವಾರ, ಬೆಳಿಗ್ಗೆ 10:10)

ಆಲ್ಟರ್ನೇಟರಿನ ದಪ್ಪ ವೈರು ಒಳಗಿನ ಫ್ಯೂಸ್ ಪೆಟ್ಟಿಗೆಗೆ ಬರುವುದೇ ಇಲ್ಲ, ಆದ್ದರಿಂದ ಅಲ್ಲಿ ಎಷ್ಟು ಹುಡುಕಿದರೂ ಡಯೋಡ್ ಸೋರಿಕೆ ಸಿಗುವುದಿಲ್ಲ. ಮೊದಲು ಆ ವೈರನ್ನು ಬಿಚ್ಚಿ ನೋಡಿ. ಡಯೋಡೇ ಎಂದು ಈಗಲೂ ಹೇಳುತ್ತೇನೆ.

ಡಲ್ಲಾಸ್ ಕನ್ನಡಿಗ (ಮಂಗಳವಾರ, ಸಂಜೆ 6:45)

ತಾಂತ್ರಿಕ ಭಾಗವನ್ನು ಬಲ್ಲವರು ನೋಡಿಕೊಳ್ಳುತ್ತಿದ್ದಾರೆ, ನಾನು ವಾರಂಟಿಯ ಬಗ್ಗೆ ಹೇಳುತ್ತೇನೆ. ಹೊರಗಿನ ಭಾಗ ಹಾಕಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗುವುದಿಲ್ಲ. ಮ್ಯಾಗ್ನುಸನ್-ಮಾಸ್ ಕಾಯ್ದೆ 1975ರಿಂದಲೂ ಜಾರಿಯಲ್ಲಿದೆ. ಆ ಭಾಗದಿಂದಲೇ ದೋಷ ಬಂತೆಂದು ಡೀಲರ್ ತೋರಿಸಬೇಕು. ಈ ಕಾಯ್ದೆಯ ಹೆಸರು ಹೇಳಿದ ಕೂಡಲೇ ನನ್ನ ಡೀಲರ್ ದುರಸ್ತಿಗೆ ಒಪ್ಪಿಕೊಂಡರು.

ಶಿರಾಡಿ ಘಾಟ್ (ಮಂಗಳವಾರ, ಸಂಜೆ 7:30)

ಇಲ್ಲಿ ಪರಿಸ್ಥಿತಿ ತದ್ವಿರುದ್ಧ. 2019ರಲ್ಲಿ ಸುಪ್ರೀಂ ಕೋರ್ಟ್ ಗಾಡಿಯ ಮಾರ್ಪಾಡುಗಳನ್ನೇ ಒಪ್ಪಲಾಗದು ಎಂದು ತೀರ್ಪು ಕೊಟ್ಟಿದೆ. ದೂರು ಕೊಡಲು ಹೋದರೆ ನಿಮ್ಮ ಮೇಲೆಯೇ ದಂಡ ಬೀಳಬಹುದು, ಹುಷಾರು.

ಕಾಳಿ ತೀರ (ಮಂಗಳವಾರ, ರಾತ್ರಿ 8:55)

ಇಬ್ಬರ ಮಾತನ್ನೂ ತಿದ್ದಬೇಕಾಗಿದೆ, ಏಕೆಂದರೆ ಪ್ರಶ್ನೆ ಕೇಳಿದವರು ಇದನ್ನು ನಂಬಿ ಹೆಜ್ಜೆ ಇಡುತ್ತಾರೆ. ಮ್ಯಾಗ್ನುಸನ್-ಮಾಸ್ ಅಮೆರಿಕದ ಕಾಯ್ದೆ. ದಾವಣಗೆರೆಯ ಡೀಲರಿನ ಮುಂದೆ ಅದರ ಹೆಸರೆತ್ತಿದರೆ ನಿಮ್ಮ ಉಳಿದ ಮಾತಿಗೂ ಬೆಲೆ ಕಡಿಮೆಯಾಗುತ್ತದೆ. 2019ರ ಜನವರಿಯ ತೀರ್ಪು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕುರಿತದ್ದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಎಂಬುದು ಅದರ ವಿಷಯ. ಸ್ಟೀರಿಯೊ ಆ ಪತ್ರದಲ್ಲಿ ಇಲ್ಲವೇ ಇಲ್ಲ.

ನಿಮಗೆ ಅನ್ವಯಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ನಿಮ್ಮ ವಾರಂಟಿ ಪುಸ್ತಕ. ಪುಸ್ತಕದ ಹೊರತುಪಡಿಕೆಗಳ ಪುಟ ತೆಗೆದು ಓದಿ. 'ಅನುಮೋದಿಸದ ಬಿಡಿಭಾಗದಿಂದ ಉಂಟಾದ ಹಾನಿ' ಎಂದು ಬರೆದಿದ್ದರೆ, ಉಂಟಾಯಿತು ಎನ್ನುವವರು ಅದು ಹೇಗೆಂದು ಹೇಳಬೇಕಾಗುತ್ತದೆ. ಇನ್ನೊಂದು ವಿಷಯ ಗಮನಿಸಿ, ಬ್ಯಾಟರಿ ಮತ್ತು ಟೈರುಗಳಿಗೆ ಸಾಮಾನ್ಯವಾಗಿ ಆಯಾ ತಯಾರಕರದೇ ಪ್ರತ್ಯೇಕ ವಾರಂಟಿ ಇರುತ್ತದೆ. ಎರಡು ದಾವೆಗಳನ್ನು ಒಂದರಲ್ಲಿ ಬೆರೆಸಬೇಡಿ.

ಈಗಲೇ ಮಾಡಬೇಕಾದದ್ದು ಒಂದಿದೆ. ಮುಂದಿನ ಸಲ ಹೋದಾಗ ನಿಮ್ಮ ದೂರನ್ನೂ ಅವರ ನಿರಾಕರಣೆಯ ಕಾರಣವನ್ನೂ ಜಾಬ್ ಕಾರ್ಡಿನಲ್ಲಿ (ಸರ್ವಿಸ್ ಸೆಂಟರಿನವರು ದೂರು ಮತ್ತು ಕೆಲಸದ ವಿವರ ಬರೆಯುವ ಚೀಟಿ) ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಂದೇ ಇ-ಮೇಲ್ ಮಾಡಿ. ಬಾಯಿಮಾತಿನ ನಿರಾಕರಣೆಯನ್ನು ಹಿಡಿದುಕೊಂಡು ಗ್ರಾಹಕ ಆಯೋಗದ ಮುಂದೆ ನಿಲ್ಲುವುದು ಬಹಳ ಕಷ್ಟ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಬಹುದು. ಆಮೇಲೆ ಬೇಕಾದರೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ಕಾರಣ ಉಂಟಾದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.

ಶಿರಾಡಿ ಘಾಟ್ (ಮಂಗಳವಾರ, ರಾತ್ರಿ 9:25)

ಹಾಗಾದರೆ ನನ್ನ 100/90 ಬಲ್ಬುಗಳೂ ತಪ್ಪಲ್ಲವೆಂದು ಆಯಿತಲ್ಲ?

ಕಾಳಿ ತೀರ (ಮಂಗಳವಾರ, ರಾತ್ರಿ 9:40)

ಹಾಗೆ ನಾನು ಹೇಳಲಿಲ್ಲ. ದೀಪಗಳಿಗೆ ಬೇರೆ ನಿಯಮಗಳಿವೆ. ಎದುರಿನಿಂದ ಬರುವವರ ಕಣ್ಣಿನ ಪ್ರಶ್ನೆ ಅದು, ಅದಕ್ಕೆ ಬೇರೆ ಚರ್ಚೆ ಆರಂಭಿಸಿ.

ಹರಿಹರ ದಾರಿ (ಭಾನುವಾರ, ಮಧ್ಯಾಹ್ನ 1:10)

ಹಳೇ ಮೀಟರು ಸರ್, ನೀವು ಹೇಳಿದಂತೆಯೇ ಮಾಡಿದೆ. 40 ನಿಮಿಷದ ನಂತರವೂ 0.82 ಆಂಪಿಯರ್ ತೋರಿಸುತ್ತಿದೆ. ಎರಡು ಫ್ಯೂಸುಗಳಲ್ಲಿ ಮಿಲಿವೋಲ್ಟ್ ಕಂಡಿತು. ಸ್ಟೀರಿಯೊ ಫ್ಯೂಸ್ ಕಿತ್ತಾಗ 0.45ಕ್ಕೆ ಇಳಿಯಿತು. 'ರೂಮ್ ಲ್ಯಾಂಪ್' ಎಂದು ಬರೆದಿರುವ ಫ್ಯೂಸನ್ನೂ ಕಿತ್ತಾಗ 0.03ಕ್ಕೆ ಬಂತು. ಆದರೆ ಒಳಗಿನ ದೀಪ ಆರಿಯೇ ಇತ್ತು, ಕಣ್ಣಾರೆ ನೋಡಿದ್ದೇನೆ.

ಹಳೇ ಮೀಟರು (ಭಾನುವಾರ, ಮಧ್ಯಾಹ್ನ 2:00)

ಬಹಳ ಶ್ರದ್ಧೆಯಿಂದ ಅಳೆದಿದ್ದೀರಿ. ಈಗ ಲೆಕ್ಕ ಮಾಡೋಣ. 0.82 ಆಂಪಿಯರಿನಂತೆ ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗಿನ 36 ಗಂಟೆಗಳಲ್ಲಿ ಸುಮಾರು 29 ಎಎಚ್ ಖರ್ಚಾಗುತ್ತದೆ. ನಿಮ್ಮ ಬ್ಯಾಟರಿಯಲ್ಲಿರುವುದೇ 35. ಸೆಲ್ಫ್ ಎತ್ತದಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಸ್ಟೀರಿಯೊ ಪಾಲು 0.37, ಇದು ಮಲಗಿರುವ ಸ್ಟೀರಿಯೊ ತೆಗೆದುಕೊಳ್ಳುವ ಕರೆಂಟಲ್ಲ. ಕೀ ತೆಗೆದಾಗ ಅದು ತಾನಾಗಿ ಆರುತ್ತದೆಯೇ, ನೀವು ಬಟನ್ ಒತ್ತಿ ಆರಿಸುತ್ತೀರಾ? ಉಳಿದ 0.42 ಬಹುಮಟ್ಟಿಗೆ 5 ವಾಟಿನ ಒಂದು ಬಲ್ಬಿನ ಲೆಕ್ಕ: ಐದನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಅದೇ ಫ್ಯೂಸಿನಲ್ಲಿ ಡಿಕ್ಕಿಯ ದೀಪವೂ ಇರುತ್ತದೆ. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ.

ಆರ್ಮೇಚರ್ (ಭಾನುವಾರ, ಮಧ್ಯಾಹ್ನ 2:35)

ಉಳಿದದ್ದು 0.03 ಮಾತ್ರ ಎಂದ ಮೇಲೆ ಆಗ ಡಯೋಡ್ ಸೋರುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಇಂಜಿನ್ ಬಿಸಿಯಿರುವಾಗ ಮಾತ್ರ ಸೋರುವ ಡಯೋಡುಗಳನ್ನು ನಾನು ಕಂಡಿದ್ದೇನೆ. ಗಾಡಿ ಓಡಿಸಿ ಬಂದ ಕೂಡಲೇ ಇನ್ನೊಮ್ಮೆ ಅಳೆಯಿರಿ.

ಹರಿಹರ ದಾರಿ (ಭಾನುವಾರ, ಸಂಜೆ 4:20)

ವಿಡಿಯೊ ಪೂರ್ತಿ ಬೆಳಕಾಗಿಯೇ ಬಂದಿದೆ! ಅರ್ಧ ಗಂಟೆಯೂ ದೀಪ ಆರಿಲ್ಲ. ಇನ್ನೊಂದು ವಿಷಯ ಈಗ ಹೊಳೆಯಿತು. ಡಿಕ್ಕಿ ತೆರೆದಿದೆ ಎಂಬ ಚಿಹ್ನೆ ಡ್ಯಾಶ್‌ಬೋರ್ಡಿನಲ್ಲಿ ಆಗಾಗ ಬಂದು ಹೋಗುತ್ತಿತ್ತು. ಎರಡು ತಿಂಗಳಿಂದ ಜಾಸ್ತಿಯಾಗಿದೆ. ಬ್ಯಾಟರಿಗೂ ಅದಕ್ಕೂ ಸಂಬಂಧವಿರಬಹುದೆಂದು ತೋಚಲೇ ಇಲ್ಲ.

ಸ್ಟೀರಿಯೊ ಹಾಕಿಸಿದ ದಿನದಿಂದಲೂ ಬಟನ್ ಒತ್ತಿಯೇ ಆರಿಸುತ್ತಿದ್ದೇನೆ. ಅದು ಹಾಗೆಯೇ ಎಂದುಕೊಂಡಿದ್ದೆ.

ಹಳೇ ಮೀಟರು (ಭಾನುವಾರ, ಸಂಜೆ 4:50)

ಹಾಗಾದರೆ ಅಂಗಡಿಯವರು ಸ್ಟೀರಿಯೊದ ಕೆಂಪು ವೈರು ಮತ್ತು ಹಳದಿ ವೈರನ್ನು ಒಂದಾಗಿ ಸುತ್ತಿರಬೇಕು. ಹಳದಿ ಯಾವಾಗಲೂ ಬ್ಯಾಟರಿಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ ಹೋಗಬೇಕು. ಇದು ನಿಮ್ಮ ಕಡೆಯ ತಪ್ಪು, ಇದನ್ನು ನೀವೇ ಸರಿಪಡಿಸಿಕೊಳ್ಳಿ. ಸರ್ವಿಸ್ ಸೆಂಟರಿನವರ ಮುಂದೆ ಮುಚ್ಚಿಡಬೇಡಿ. ಡಿಕ್ಕಿ ಲಾಕಿನೊಳಗಿನ ಸಣ್ಣ ಸ್ವಿಚ್ಚು ಮಾತ್ರ ಕಂಪನಿಯದು. ಮುಚ್ಚಿದರೂ ತೆರೆದಿದೆ ಎನ್ನುತ್ತಿರುವುದು ಅದೇ.

ಕಾಳಿ ತೀರ (ಭಾನುವಾರ, ಸಂಜೆ 5:30)

ಸರ್ವಿಸ್ ಸೆಂಟರಿನವರು ಏನು ಹೇಳುತ್ತಾರೆಂಬುದನ್ನು ಈಗಲೇ ಊಹಿಸಬಹುದು. ಹಿಂಬದಿಯ ಕ್ಯಾಮೆರಾದ ವೈರು ಎಳೆಯಲು ಅಂಗಡಿಯವರು ಡಿಕ್ಕಿ ಬಾಗಿಲಿನ ಒಳಹಲಗೆ ಬಿಚ್ಚಿದ್ದಾರೆ, ಆಗಲೇ ಲಾಕಿಗೆ ಪೆಟ್ಟಾಯಿತು ಎಂದೇ ವಾದಿಸುತ್ತಾರೆ, ಮತ್ತು ಆ ವಾದ ತೀರಾ ಹುರುಳಿಲ್ಲದ್ದೂ ಅಲ್ಲ. ಆದ್ದರಿಂದ ದಿನಾಂಕಗಳೇ ಮುಖ್ಯ. ಆ ಚಿಹ್ನೆ ಮೊದಲು ಕಾಣಿಸಿಕೊಂಡದ್ದು ಕ್ಯಾಮೆರಾಕ್ಕಿಂತ ಮುಂಚೆಯೋ ಆಮೇಲೆಯೋ? ಹಳೆಯ ಜಾಬ್ ಕಾರ್ಡುಗಳನ್ನೆಲ್ಲ ತೆಗೆದು ಒಂದೊಂದು ಸಾಲನ್ನೂ ಓದಿ.

ಹರಿಹರ ದಾರಿ (ಭಾನುವಾರ, ರಾತ್ರಿ 8:15)

ಸಿಕ್ಕಿತು ಸರ್. ಆರನೆಯ ತಿಂಗಳಿನ ಎರಡನೇ ಉಚಿತ ಸರ್ವಿಸಿನ ಜಾಬ್ ಕಾರ್ಡಿನಲ್ಲಿ ನನ್ನ ದೂರುಗಳ ಕೆಳಗೆ 'ಡಿಕ್ಕಿ ತೆರೆದಿರುವ ಚಿಹ್ನೆ ಆಗಾಗ ಬರುತ್ತದೆ' ಎಂದೂ, ಅದರ ಎದುರಿಗೆ 'ಪರಿಶೀಲಿಸಿ ಗ್ರೀಸ್ ಹಾಕಲಾಗಿದೆ' ಎಂದೂ ಅವರ ಕೈಬರಹದಲ್ಲಿಯೇ ಇದೆ. ಕ್ಯಾಮೆರಾ ಹಾಕಿಸಿದ್ದು ಅದಾಗಿ ಐದು ತಿಂಗಳಿಗೆ. ಅದನ್ನು ಹೇಳಿದ್ದೇ ನನಗೆ ಮರೆತುಹೋಗಿತ್ತು.

ಕಾಳಿ ತೀರ (ಭಾನುವಾರ, ರಾತ್ರಿ 8:30)

ಆ ಕಾಗದದ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಪ್ರತಿ, ಅಳತೆಯ ಅಂಕಿಗಳು, ವಿಡಿಯೊ, ಸ್ಟೀರಿಯೊ ಅಂಗಡಿಯ ಬಿಲ್ಲು ಇಷ್ಟನ್ನೂ ಸೇರಿಸಿ ಸರ್ವಿಸ್ ಮ್ಯಾನೇಜರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಟ್ಟಿಗೆ ಬರೆಯಿರಿ. ಡಿಕ್ಕಿ ಲಾಕನ್ನು ಮಾತ್ರ ಕೇಳಿ. ಸ್ಟೀರಿಯೊ ತಪ್ಪನ್ನು ನೀವೇ ಒಪ್ಪಿಕೊಂಡು ಬರೆದರೆ ಉಳಿದ ಮಾತಿಗೆ ತೂಕ ಬರುತ್ತದೆ.

ಹರಿಹರ ದಾರಿ (ಹನ್ನೆರಡು ದಿನಗಳ ನಂತರ, ಶುಕ್ರವಾರ, ರಾತ್ರಿ 9:00)

ಇ-ಮೇಲ್ ಹೋದ ನಾಲ್ಕನೆಯ ದಿನ ಸರ್ವಿಸ್ ಮ್ಯಾನೇಜರ್ ತಾವೇ ಫೋನ್ ಮಾಡಿದರು. ಜಾಬ್ ಕಾರ್ಡಿನ ದಿನಾಂಕ ನೋಡಿದ ಮೇಲೆ ಕ್ಯಾಮೆರಾದ ಮಾತು ಎತ್ತಲಿಲ್ಲ. ಡಿಕ್ಕಿ ಲಾಕನ್ನು ವಾರಂಟಿಯಲ್ಲಿ ಬದಲಾಯಿಸಿಕೊಟ್ಟಿದ್ದಾರೆ. ಸ್ಟೀರಿಯೊ ವೈರನ್ನು ಬೇರೆ ಎಲೆಕ್ಟ್ರಿಷಿಯನ್ ಹತ್ತಿರ 400 ರೂಪಾಯಿ ಕೊಟ್ಟು ಸರಿಮಾಡಿಸಿದೆ. ಹಳೇ ಮೀಟರು ಅವರು ಹೇಳಿದಂತೆಯೇ ಕೆಂಪು ಹಳದಿ ಒಂದಾಗಿದ್ದವು. ಈಗ ಸ್ಟೀರಿಯೊ ಸೇರಿ ಒಟ್ಟು 0.04 ಆಂಪಿಯರ್. ಆರ್ಮೇಚರ್ ಅಣ್ಣ, ನಿಮ್ಮ ಮಾತಿನಂತೆ ಇಂಜಿನ್ ಬಿಸಿಯಿರುವಾಗಲೂ ಅಳೆದೆ, ಅಷ್ಟೇ ಇದೆ, ಚಾರ್ಜಿಂಗ್ 14.2 ವೋಲ್ಟ್ ತೋರಿಸುತ್ತಿದೆ.

ಬ್ಯಾಟರಿಯದು ಮಾತ್ರ ಬಗೆಹರಿದಿಲ್ಲ. ಪೂರ್ತಿ ಚಾರ್ಜ್ ಮಾಡಿಸಿದರೂ ರಾತ್ರಿ ಕಳೆಯುವಷ್ಟರಲ್ಲಿ 12.2 ವೋಲ್ಟಿಗೆ ಇಳಿಯುತ್ತದೆ. ಹಲವು ಸಲ ಪೂರ್ತಿ ಬರಿದಾದ ಬ್ಯಾಟರಿಗೆ ವಾರಂಟಿ ಇಲ್ಲವೆಂದು ಬ್ಯಾಟರಿ ಡೀಲರ್ ಹೇಳುತ್ತಿದ್ದಾರೆ. ಬರಿದಾಗಿದ್ದು ಅರ್ಧ ಸ್ಟೀರಿಯೊದಿಂದ, ಅರ್ಧ ಕಂಪನಿಯ ಲಾಕಿನಿಂದ. ಇದನ್ನು ಯಾರ ಹತ್ತಿರ ಕೇಳಲಿ?

ಕಾಳಿ ತೀರ (ಶುಕ್ರವಾರ, ರಾತ್ರಿ 9:35)

ಲಾಕನ್ನು ವಾರಂಟಿಯಲ್ಲಿ ಬದಲಾಯಿಸಿದ ಜಾಬ್ ಕಾರ್ಡೇ ಅವರ ಒಪ್ಪಿಗೆ. ಕಾರಿನ ಕಂಪನಿಗೆ ಬರೆದು ಬ್ಯಾಟರಿಯ ಅರ್ಧ ಬೆಲೆಯನ್ನಾದರೂ ಕೇಳಿ. ಪೂರ್ತಿ ಕೇಳುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಹಳೇ ಮೀಟರು (ಶುಕ್ರವಾರ, ರಾತ್ರಿ 9:50)

ಹೊಸದು ಹಾಕಿಸುವಾಗ ಹಳೆಯ ಬ್ಯಾಟರಿಯನ್ನು ಅಲ್ಲಿಯೇ ಬಿಟ್ಟು ಬರಬೇಡಿ. ಲೋಡ್ ಟೆಸ್ಟ್ (ಭಾರ ಕೊಟ್ಟು ಬ್ಯಾಟರಿಯ ಶಕ್ತಿ ನೋಡುವ ಪರೀಕ್ಷೆ) ಮಾಡಿಸಿ, ಅಂಕಿ ಮತ್ತು ದಿನಾಂಕ ಬರೆದ ಚೀಟಿಗೆ ಅಂಗಡಿಯ ಸೀಲು ಹಾಕಿಸಿಕೊಂಡು, ಉತ್ತರ ಬರುವವರೆಗೆ ಮನೆಯಲ್ಲಿಯೇ ಇಟ್ಟುಕೊಳ್ಳಿ.