ರೇಷ್ಮೆ ಸೀರೆ ಬೀರುವಿನಲ್ಲೇ ಇದೆ: ಉಡಲು ಅಂಜಿಕೆ, ಇಟ್ಟರೆ ಸಂಕಟ

ಪ್ರಶ್ನೆ:
ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆ, 24,000 ರೂಪಾಯಿ. ಬೀರು ತೆಗೆದಾಗಲೆಲ್ಲ ಮುಟ್ಟಿ ನೋಡುವ ಖುಷಿ. ಹಿಂದೆಯೇ ‘ಸೀರೆಗೆ ಇಷ್ಟು ದುಡ್ಡೇ’ ಅನ್ನುವ ಅಳುಕು, ರೇಷ್ಮೆಹುಳು ಸಾಯಿಸಿ ಮಾಡಿದ್ದಲ್ಲವೇ ಅನ್ನುವ ಸಂಕಟ. ಹಾಳಾದೀತೆಂದು ಉಟ್ಟಿಲ್ಲ, ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಹಾಗೇ ಇಡಬಹುದೇ? ಇನ್ನೊಂದರ ಮೇಲೂ ಕಣ್ಣಿದೆ, ಕೊಳ್ಳಲೇ?

ಉತ್ತರ 1:
ಅಕ್ಕ, ಮೊದಲು ಕವರಿನಿಂದ ಆಚೆ ತೆಗೀರಿ. ಆ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತೆ. ಪ್ಲಾಸ್ಟಿಕ್ಕಿನೊಳಗೆ ತೇವ ನಿಂತರೆ ಬೆಳ್ಳಿ ಕಪ್ಪಾಗುತ್ತೆ. ಗಂಜಿ ಇಲ್ಲದ, ಒಗೆದು ಮೆತ್ತಗಾದ ಹಳೇ ಪಂಚೆಯಲ್ಲಿ ಸುತ್ತಿ, ಜರಿ ಒಳಮುಖವಾಗಿರಲಿ. 3 ತಿಂಗಳಿಗೊಮ್ಮೆ ಬಿಡಿಸಿ, ನೆರಳಲ್ಲಿ ಅರ್ಧ ಗಂಟೆ ಹರವಿ, ಮಡಿಕೆ ಬೇರೆ ಕಡೆ ಬೀಳುವಂತೆ ಮಡಚಿ. ಹಳೇ ಸೀರೆಗಳು ಸೀಳೋದು ಹೆಚ್ಚಾಗಿ ಮಡಿಕೆಯ ಗೆರೆಯಲ್ಲೇ. ಉಡದೆ ಇಟ್ಟರೆ ಉಳಿಯುತ್ತೆ ಅನ್ನೋದು ತಪ್ಪು. ನುಸಿಗುಳಿಗೆ ಜರಿಗೆ ತಾಗಕೂಡದು. ಹತ್ತು ಲವಂಗ ಬಟ್ಟೆಯಲ್ಲಿ ಗಂಟು ಕಟ್ಟಿ ಪಕ್ಕದಲ್ಲಿಡಿ, ಸಾಕು.

ಉತ್ತರ 2:
ಉಡುವ ಮುಂಚೆ ಫಾಲ್. ಹತ್ತಿ ಫಾಲನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹೊಲಿಸಿ. ಇಲ್ಲವಾದರೆ ಒಗೆದಾಗ ಫಾಲ್ ಕುಗ್ಗುತ್ತೆ, ಸೀರೆಯ ಅಂಚು ಸುಕ್ಕುಸುಕ್ಕಾಗಿ ಎದ್ದು ನಿಲ್ಲುತ್ತೆ. ಸೆಂಟನ್ನು ಸೀರೆ ಉಡುವ ಮೊದಲೇ ಮೈಗೆ ಹಾಕಿಕೊಂಡು ಒಣಗಲು ಬಿಡಿ. ಕಳಚಿದ ಮೇಲೆ ಬೆವರಾರುವವರೆಗೆ ಫ್ಯಾನಿನ ಗಾಳಿ, ಆಮೇಲಷ್ಟೇ ಬೀರು.

ಉತ್ತರ 3:
ದುಡ್ಡಿನ ಅಳುಕಿಗೆ ಲೆಕ್ಕವೇ ಮದ್ದು. ಈ ಸೀರೆ 40 ಸಲ ಉಟ್ಟರೆ ಸಲಕ್ಕೆ 600 ರೂಪಾಯಿ. ಡಿಸ್ಕೌಂಟಿನಲ್ಲಿ ಸಿಕ್ಕಿತೆಂದು ತಂದ 3,000ದ ಸೀರೆ ಎರಡೇ ಸಲ ಉಟ್ಟು ಮೂಲೆಗೆ ಹಾಕಿದರೆ ಸಲಕ್ಕೆ 1,500. ದುಬಾರಿ ಯಾವುದು ನೋಡಿ. ಬೀರುವಿನ ಬಾಗಿಲ ಒಳಗೆ ಚೀಟಿ ಅಂಟಿಸಿ, ಉಟ್ಟಾಗಲೆಲ್ಲ ಗೆರೆ ಎಳೀರಿ. ಹತ್ತು ಗೆರೆ ಆಗುವ ತನಕ ಎರಡನೆಯದು ಬೇಡ.

ಹುಳುವಿನ ಸಂಕಟ ಮಾತ್ರ ಬೇರೆ, ಅದನ್ನು ಲೆಕ್ಕದಲ್ಲಿ ಕರಗಿಸಲಾಗದು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು, ಒಳಗಿನ ಹುಳುವನ್ನು ಬಿಸಿಯಲ್ಲಿ ಸಾಯಿಸಿಯೇ ನೂಲು ತೆಗೆಯೋದು. ಅದು ಚುಚ್ಚುವುದಾದರೆ ಮುಂದಿನದು ಹತ್ತಿಯ ಪಟ್ಟೇದ ಅಂಚು ಸೀರೆ ಆಗಲಿ. ಇಳಕಲ್‌ ಸೀರೆ ಕೇಳುವಾಗ ಎಚ್ಚರ: ಒಡಲು ಹತ್ತಿಯದ್ದಾದರೂ ಸೆರಗು ರೇಷ್ಮೆಯದ್ದಿರಬಹುದು.

ಪ್ರಶ್ನೆ ಕೇಳಿದವರು:
ಪಂಚೆಗೆ ಸುತ್ತಿಟ್ಟೆ. ಫಾಲ್ ನೆನೆಯುತ್ತಿದೆ. ಸೀರೆಗೆ ಇಸ್ತ್ರಿ ಎಷ್ಟು ಬಿಸಿ?

ಉತ್ತರ 2:
‘ಸಿಲ್ಕ್’ ಗುರುತಿಗೆ ಇಟ್ಟು, ಹಿಂಬದಿಯಿಂದ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ. ನೀರು ಚಿಮುಕಿಸಬೇಡಿ, ಕಲೆ ನಿಲ್ಲುತ್ತೆ.